ಈರಪ್ಪ ಮಿಸ್ತ್ರಿ ಒಡೆಯದೆ ಬಿಟ್ಟ ಡಬ್ಬಿ

ವಿಲಾಯತಿಯಿಂದ ಬಂದು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಪಿಸ್ತೂಲಿನ ಗುಂಡು ತುಂಬುವ ಮ್ಯಾಗಜಿನ್ನೊಂದನ್ನು ಅಡಿಗಲ್ಲಿನ ಮೇಲಿಟ್ಟು, ಜಾಗೀರದಾರರ ಕಣ್ಣೆದುರೇ ಸುತ್ತಿಗೆಯಿಂದ ಚಪ್ಪಟೆ ಮಾಡಿದವರು ಈರಪ್ಪ ಮಿಸ್ತ್ರಿ. ನಾನು ಅವರ ದೊಡ್ಡ ಮನೆಯಾದ ದೇವಡಿಯಲ್ಲಿ ಲೆಕ್ಕಪತ್ರ ಬರೆಯುವ ಮುನ್ಶಿಯಾಗಿ ಸೇರಿ ಆಗಿನ್ನೂ ಎಂಟು ದಿನ. ಇವತ್ತು ಈ ಮನುಷ್ಯನ ಗತಿ ಮುಗಿಯಿತು ಎಂದುಕೊಂಡೆ.

"ಬಾಯಿ ಅಗಲ ಆಗಿತ್ರಿ ಸರಕಾರ. ಗುಂಡು ಸೊಟ್ಟ ಏರತಿತ್ತು. ಸುಮ್ಮನ ಇಟ್ರ ಮತ್ತ ಯಾರರ ಕೈಯಾಗ ಹೋಗತದ," ಎಂದರು ಮಿಸ್ತ್ರಿ, ಬೆವರು ಕೂಡ ಒರೆಸಿಕೊಳ್ಳದೆ. ಜಾಗೀರದಾರರು ನಕ್ಕು ಹೋಗಿಬಿಟ್ಟರು.

ನಿಜಾಮರ ಕಾಲ ಅದು. ಕಲಬುರ್ಗಿಯ ಊರ ಹೊರಗೆ ನಮ್ಮ ಜಾಗೀರದಾರರು ಒಂದು ಚಾಂದಮಾರಿ ಮಾಡಿಸಿದ್ದರು. ಮಣ್ಣಿನ ದಿಬ್ಬದ ಮುಂದೆ ಹಲಗೆ ನಿಲ್ಲಿಸಿ ಗುರಿ ಹೊಡೆಯುವ ಜಾಗ. ಅಲ್ಲಿಯ ಪಿಸ್ತೂಲುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಕಮಲಾಪುರದ ಕಂಬಾರರ ಮನೆಯ ಈರಪ್ಪ. ಪಿಸ್ತೂಲಿಗಿಂತ ಅದರ ಹಿಡಿಕೆಯೊಳಗೆ ತುರುಕುವ ಮ್ಯಾಗಜಿನ್ನಿನ ಮೇಲೆಯೇ ಅವರ ಕಣ್ಣು. ಅದನ್ನು ಅವರು ಗುಂಡಿನ ಡಬ್ಬಿ ಎನ್ನುತ್ತಿದ್ದರು. ಹೊಸ ಡಬ್ಬಿ ಬಂದರೆ ಮೊದಲು ಬಾಯಿಯ ಎರಡೂ ಅಂಚಿನ ಮೇಲೆ ಉಗುರು ಆಡಿಸುವರು. ಒಳಗಿನ ತಗಡನ್ನು ಬೆರಳಿನಿಂದ ಒತ್ತಿ ಬಿಟ್ಟು, ಅಡಿಯ ಸುರುಳಿ ಕಮಾನಿ ಅದನ್ನು ತಡೆಯಿಲ್ಲದೆ ಮೇಲೆತ್ತುತ್ತದೆಯೇ ಎಂದು ಕಿವಿಗೊಟ್ಟು ಕೇಳುವರು. ಹಲವು ಸಲ ತುಂಬಿ, ಹಲವು ಸಲ ತಾವೇ ಹೊಡೆದು ನೋಡುವ ತನಕ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಪ್ರತಿಯೊಂದರ ತಳದಲ್ಲೂ ಮೊಳೆಯಿಂದ ಒಂದು ಗುರುತು. ಎರಡು ಸಲ ತಡವರಿಸಿದರೆ ಅದರ ಮೇಲೆ ಅಡ್ಡಗೀಟು, ಆಮೇಲೆ ಸುತ್ತಿಗೆ.

ಒಮ್ಮೆ ನಾನು ಉಪಕಾರ ಮಾಡುವವನ ಹಾಗೆ ಡಬ್ಬಿಯೊಳಕ್ಕೆ ಎಣ್ಣೆ ಬಿಡಲು ಹೋಗಿದ್ದೆ. ಥಟ್ಟನೆ ನನ್ನ ಕೈ ಹಿಡಿದರು.

"ಮುನ್ಶಿಯವರ, ಇದೇನು ಗಾಡಿ ಅಚ್ಚೇನ್ರಿ? ಎಣ್ಣಿ ಬಿಟ್ರ ನಮ್ಮೂರ ಧೂಳೆಲ್ಲಾ ಒಳಗ ಹೋಗಿ ಕುಂದರತದ. ಒಣ ಅರಿವಿಲೆ ಒರಸಬೇಕು, ಅಷ್ಟ."

ಹಳೆಯ ಧೋತರದ ತುಂಡಿನಿಂದ, ಕೂಸಿನ ಕಿವಿ ಒರೆಸುವ ಹಾಗೆ ಒರೆಸುತ್ತಿದ್ದರು.

ಅದೊಂದು ದಿನ ಹೈದರಾಬಾದಿನಿಂದ ಜಾಗೀರದಾರರ ಅಳಿಯ ಬಂದ. ಸಂಜೆ ಮಿಸ್ತ್ರಿ ಇಲ್ಲದ ಹೊತ್ತಿನಲ್ಲಿ, ಅವರ ಪಿಸ್ತೂಲು ರಿಪೇರಿಯ ಕಾರಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಹತ್ತಿರ ಬಂದು, ತನ್ನ ಪಿಸ್ತೂಲಿಗೆ ಇನ್ನೊಂದು ಡಬ್ಬಿ ಬೇಕೆಂದ. ಒಡೆಯಲು ತೆಗೆದಿಟ್ಟ ಬುಟ್ಟಿಯಲ್ಲಿ ಒಂದಿತ್ತು. ತಳದಲ್ಲಿ ಅಡ್ಡಗೀಟು. ನನಗೆ ದೊಡ್ಡವರ ಮೆಚ್ಚುಗೆಯ ಆಸೆ. ಇಕ್ಕಳದಿಂದ ಅದರ ಬಾಯಿ ಒತ್ತಿ ಕೊಟ್ಟುಬಿಟ್ಟೆ. ಮಿಸ್ತ್ರಿಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಚಾಂದಮಾರಿಯಲ್ಲಿ ಮೂರನೆಯ ಗುಂಡಿಗೇ ಪಿಸ್ತೂಲು ಕಚ್ಚಿಕೊಂಡಿತು. ಅಳಿಯ ಸಿಟ್ಟಿನಿಂದ ಡಬ್ಬಿ ಕಿತ್ತು ಬಿಸಾಡಿದ. ಪಿಸ್ತೂಲು ಖಾಲಿಯಾಯಿತೆಂದು ತಿಳಿದು, ಅದನ್ನು ಅಂಗೈಯಿಂದ ಗುದ್ದುತ್ತ ನಮ್ಮ ಕಡೆ ತಿರುಗಿದ.

"ಕೆಳಗ ಹಿಡೀರಿ ಸರಕಾರ, ಒಳಗ ಇನ್ನೊಂದು ಗುಂಡದ," ಎನ್ನುತ್ತ ಮಿಸ್ತ್ರಿ ಕೈ ಚಾಚಿದರು. ಅಷ್ಟರಲ್ಲಿ ಗುಂಡು ಹಾರಿತು.

ಸದ್ದು ಅಡಗಿದ ಮೇಲೂ ನನಗೆ ಏನಾಯಿತೆಂದು ತಿಳಿಯಲಿಲ್ಲ. ಮಿಸ್ತ್ರಿ ನಿಂತೇ ಇದ್ದರು. ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಬಗ್ಗಿ ಎಡಗೈಯಿಂದ ಆ ಡಬ್ಬಿ ಎತ್ತಿಕೊಂಡು ತಳ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

ಜಾಗೀರಿನ ಆಡಳಿತ ನೋಡುವ ಕಾರಭಾರಿಗಳು ಒಬ್ಬೊಬ್ಬರನ್ನೇ ಕರೆಸಿ ಮೂರು ದಿನ ಚೌಕಶಿ ನಡೆಸಿದರು. ಡಬ್ಬಿ ಕಾರಖಾನೆಯಿಂದ ಬಂದದ್ದು ಎಂದಷ್ಟೇ ಹೇಳಿ ಅಳಿಯ ಹೈದರಾಬಾದಿಗೆ ಹೊರಟುಹೋದ. ಹೇಳಿಕೆಗಳನ್ನು ಬರೆದುಕೊಳ್ಳಲು ಕೂತವನು ನಾನೇ.

"ಒಡೀಬೇಕಾದ್ದು ಒಡೀದ ಬಿಟ್ಟೀನ್ರಿ. ಕಸೂರು ನಂದು," ಎಂದರು ಮಿಸ್ತ್ರಿ. ಆ ತಪ್ಪೊಪ್ಪಿಗೆಯನ್ನೂ ಉರ್ದುವಿನಲ್ಲಿ ದುಂಡಗೆ ಬರೆದೆ. ಅವರನ್ನು ಕೆಲಸದಿಂದ ತೆಗೆದರು.

ತಿಂಗಳ ಮೇಲೆ ಹುಮನಾಬಾದ್ ಕಡೆಯ ಮೋಟಾರು ಹಿಡಿದು ಕಮಲಾಪುರಕ್ಕೆ ಹೋದೆ. ಮಿಸ್ತ್ರಿ ಊರ ಹೊರಗೆ ಕೆಂಪು ಬಾಳೆಯ ತೋಟದಲ್ಲಿ ಎಡಗೈಯಿಂದ ನೀರು ತಿರುವುತ್ತಿದ್ದರು. ನಾನು ಎಲ್ಲ ಹೇಳಿದೆ. ಅವರು ಸಲಿಕೆ ಬಿಡಲಿಲ್ಲ.

"ಗೊತ್ತಿತ್ತು ತಮ್ಮಾ. ಇಕ್ಕಳದ ಹಲ್ಲು ಮೂಡಿತ್ತು ಅದರ ಮ್ಯಾಲ. ನಾ ಇಕ್ಕಳ ಹಚ್ಚಂಗಿಲ್ಲ."

"ಮತ್ಯಾಕ ಹೇಳಲಿಲ್ಲ?"

"ನಿನ್ನ ಹೆಸರ ಹೇಳಿದ್ರ ಹೋದ ಎರಡು ಕೈಬಟ್ಟ ತಿರಗಿ ಬರತಿದ್ವೇನು?" ಸಲಿಕೆಯಿಂದ ಮಣ್ಣೆಳೆದು ಮಡಿಯ ಬಾಯಿ ಕಟ್ಟಿದರು. "ಗುಂಡು ಬಡದಾಗ ನನಗ ಅಷ್ಟು ಎದಿ ಒಡೀಲಿಲ್ಲ. ನೀ ಮೂರು ದಿನ ನನ್ನ ಎದುರ ಕುಂತು, ನಾ ಹೇಳಿದ್ದೆಲ್ಲಾ ಬರಕೋತ ಹೋದಿ ನೋಡು, ಆವಾಗ ಒಡೀತು."

ಅಷ್ಟು ಮೆತ್ತಗಿನ ಮಾತಿನಲ್ಲಿ ಯಾರೂ ನನ್ನನ್ನು ಹಾಗೆ ಹೊಡೆದಿರಲಿಲ್ಲ. ಸಂಜೆಯ ಮೋಟಾರು ಹಿಡಿದು ಕಲಬುರ್ಗಿಗೆ ಮರಳಿದೆ.

ಬೆಳಗಾಗುತ್ತಲೇ ನಿಜವನ್ನೆಲ್ಲ ಬರೆದು ಕಾರಭಾರಿಗಳ ಕೈಗಿಟ್ಟೆ. ಓದಿ ಮಡಿಚಿ, "ನಾಳಿಂದ ಬರಬ್ಯಾಡ," ಎಂದರು. ಕಲಬುರ್ಗಿಯಲ್ಲೇ ಶಹಾಬಜಾರದ ಒಂದು ಅಂಗಡಿಯಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತ ಕೂತೆ. ಈ ಸುದ್ದಿಯನ್ನು ಮಿಸ್ತ್ರಿಗೆ ನಾನೇ ಹೇಳಬೇಕೆಂದು ಮನಸ್ಸು ಹೊಯ್ದಾಡುತ್ತಿತ್ತು. ಯಾವ ಮುಖ ಹೊತ್ತು ಹೋಗಲಿ ಎಂದುಕೊಳ್ಳುತ್ತಲೇ ಎರಡು ತಿಂಗಳು ಕಳೆದೆ.

ಹೋದಾಗ ಅವರ ಮನೆಯ ಪಡಸಾಲೆಯಲ್ಲಿ ಹೆಂಡತಿ ಒಬ್ಬರೇ ಕೂತಿದ್ದರು. ಹಣೆ ಬರಿದಾಗಿತ್ತು. ಚಳಿಜ್ವರ ಬಂದು ಮಿಸ್ತ್ರಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ನಾನು ಬಾಗಿಲಲ್ಲೇ ಕೂತೆ.

"ಕಲಬುರ್ಗಿ ಮುನ್ಶಿ ನೀವ ಏನ್ರಿ?" ಎಂದು ಆಕೆ ಕೇಳಿದರು.

ಹೌದೆಂದು ತಲೆಯಾಡಿಸಿದೆ.

"ಒಬ್ಬಾಂವ ಬರತಾನ, ಖರೇ ಹೇಳಿ ನೌಕರಿ ಕಳಕೊಂಡು ಬರತಾನ, ಅವಗ ಉಣಲಾರದ ಕಳಸಬ್ಯಾಡ ಅಂತ ಹಾಸಿಗಿ ಹಿಡದಾಗ ಅಂದಿದ್ರು ಅವರು," ಎಂದು ಹೇಳಿ, ಆಕೆ ಎದ್ದು ರೊಟ್ಟಿ ಬಡಿಯಲು ಒಳಗೆ ಹೋದರು.