ಹೆಂಗಸರು ಇಳಿಯಬಾರದ ದ್ವೀಪ

ನನ್ನ ತಂಗಿಯ ಗಂಡನಿಗೆ ಇಥಿಯೋಪಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅವರು ಅಲ್ಲಿ ನೆಲೆ ನಿಂತ ಮೇಲೆ ತಂಗಿ ಫೋನಿನಲ್ಲಿ ಒಂದೇ ಹಟ ಹಿಡಿದಳು. "ಅಕ್ಕಾ, ನಾವು ಇಲ್ಲಿರೂತನಕ ಒಮ್ಮೆ ಬಂದು ಹೋಗ್ರಿ. ಊರ ಬಾಜೂಕ ಸಮುದ್ರದಂಥಾ ಕೆರಿ ಐತಿ."

ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನೈಲ್ ನದಿಯ ಒಂದು ಕವಲು ತಾನಾ ಸರೋವರದಿಂದ ಹೊರಡುತ್ತದೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತ ಬಂದವಳು. ತಂಗಿ ಹೇಳಿದ ಕೆರೆ ಅದೇ. ಆ ನೀರನ್ನು ಕಣ್ಣಾರೆ ನೋಡಬಹುದು ಎಂದಾಗ ತಡೆಯಲಾಗಲಿಲ್ಲ. ಬೇಸಿಗೆ ರಜೆಗೆ ಮಹಾಂತೇಶ ನಗರದ ಮನೆಗೆ ಬೀಗ ಹಾಕಿ ನಾನೂ ನನ್ನ ಗಂಡನೂ ಹೊರಟೆವು.

ಅಲ್ಲಿಗೆ ಹೋದ ಮೂರನೆಯ ದಿನ ತಂಗಿಯ ಗಂಡ ಇಡೀ ದಿನಕ್ಕೆ ಒಂದು ದೋಣಿ ಗೊತ್ತು ಮಾಡಿದ. ತಗಡಿನ ಚಾವಣಿಯ, ಇಂಜಿನ್ನಿನ ದೋಣಿ. ನಾವು ನಾಲ್ವರು, ಒಬ್ಬ ಗೈಡು, ನಡುವಯಸ್ಸಿನ ಒಬ್ಬ ಅಂಬಿಗ. ಜೊಂಡು ಕಟ್ಟಿ ಮಾಡಿದ ಚಿಕ್ಕ ತೆಪ್ಪಗಳಲ್ಲಿ ಮೀನುಗಾರರು ನಮ್ಮ ಪಕ್ಕದಲ್ಲೇ ಹಾದುಹೋದರು. ದೊಡ್ಡ ಕೊಕ್ಕಿನ ಬಿಳಿ ಹಕ್ಕಿಗಳು ಅಲೆಯ ಮೇಲೆ ತೇಲುತ್ತ ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನಾನು ನೀರಿಗೆ ಕೈ ಇಳಿಬಿಟ್ಟುಕೊಂಡು ಕುಳಿತಿದ್ದೆ. ಅಷ್ಟು ಖುಷಿಯಲ್ಲಿದ್ದೆ.

ಮೊದಲ ದ್ವೀಪದ ಕಲ್ಲುಕಟ್ಟೆಗೆ ದೋಣಿ ತಾಗಿತು. ಮೇಲೆ, ಮರಗಳ ನಡುವೆ ಹಳೆಯ ಮಠವಿತ್ತು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಏಳುವಷ್ಟರಲ್ಲಿ ಗೈಡು ಕೈ ಅಡ್ಡ ಮಾಡಿದ. ಇಲ್ಲಿ ಹೆಂಗಸರು ಇಳಿಯುವಂತಿಲ್ಲ, ದೋಣಿಯಲ್ಲೇ ಇರಬೇಕು ಎಂದ. ಅವನ ದನಿಯಲ್ಲಿ ಒರಟುತನವೇನೂ ಇರಲಿಲ್ಲ. ದಿನವೂ ಹೇಳುವ ಮಾತು.

ನಾನು ನನ್ನ ಗಂಡನ ಮುಖ ನೋಡಿದೆ. ಅವರು ಆಗಲೇ ಒಂದು ಕಾಲನ್ನು ಕಟ್ಟೆಯ ಮೇಲೆ ಇಟ್ಟಿದ್ದರು.

"ನೀ ಇಲ್ಲೇ ಕುಂದರು. ಈ ಬ್ಯಾಗ ನೋಡ್ಕೋ, ಲಗೂನ ಬರ್ತೀವಿ," ಎಂದರು. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟು, ಮೂವರೂ ಗಂಡಸರು ಮರಗಳ ಹಿಂದೆ ಮರೆಯಾದರು. ನನ್ನ ಗಂಡ ಒಮ್ಮೆಯೂ ತಿರುಗಿ ನೋಡಲಿಲ್ಲ.

"ನಿನಗ ಇದು ಗೊತ್ತಿತ್ತೇನ?" ಎಂದು ತಂಗಿಯನ್ನು ಕೇಳಿದೆ.

"ಗೊತ್ತಿತ್ತಕ್ಕಾ. ಮಂದಿ ಬಂದಾಗೆಲ್ಲಾ ನಾ ಇಲ್ಲೇ ಕುಂದರ್ತೀನಿ. ಇಲ್ಲಿ ಪದ್ಧತಿ ಹಂಗ ಐತಿ."

"ಮತ್ತ ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ದೋಣಿನs ಹತ್ತತಿದ್ದಿಲ್ಲ."

ಸಿಟ್ಟು ನೆತ್ತಿಗೇರಿತು. ನಮ್ಮಪ್ಪ ನಮಗಿಬ್ಬರಿಗೂ ಲಿಂಗ ಕಟ್ಟಿಸಿದವನು. ದೇವರ ಮುಂದೆ ಹೆಣ್ಣು ಗಂಡು ಎಂಬ ಭೇದವಿಲ್ಲ ಎಂದು ಹೇಳಿ ಬೆಳೆಸಿದವನು. ನನ್ನ ಗಂಡನೂ ಅದೇ ಪಂಥದವರು. ಬಸವ ಜಯಂತಿ ಬಂತೆಂದರೆ ನಮ್ಮ ಬಡಾವಣೆಯ ಸಭೆಯಲ್ಲಿ ಶರಣೆಯರ ಸಮಾನತೆಯ ಬಗ್ಗೆ ಎಲ್ಲರೂ ತಲೆದೂಗುವಂತೆ ಮಾತನಾಡುತ್ತಾರೆ. ಅಂಥವರು ಒಂದು ಕ್ಷಣ ಹಿಂದುಮುಂದು ನೋಡಲಿಲ್ಲ. ಆ ಮಠ ಅಲ್ಲಿಯವರದು, ಪದ್ಧತಿಯೂ ಅಲ್ಲಿಯವರದು. ಪರವೂರಿನ ಸನ್ಯಾಸಿಗಳ ಮೇಲೆ ನನ್ನ ಅಧಿಕಾರವೇನೂ ಇಲ್ಲ. ಆದರೆ ಈ ಮನುಷ್ಯ ನನ್ನವರು. "ಇಕಿ ಬರೂಹಂಗಿಲ್ಲ ಅಂದ್ರ ನಾನೂ ಒಲ್ಲೆ" ಎಂದು ಅವರ ಬಾಯಿಂದ ಏಕೆ ಬರಲಿಲ್ಲ? ಅದನ್ನು ನಾನು ಕೇಳಿ ಹೇಳಿಸಬೇಕಿತ್ತೇ?

ಬಿಸಿಲು ಏರಿ ತಗಡು ಕಾಯತೊಡಗಿತು. ತುಸು ದೂರದಲ್ಲಿ ಇನ್ನೊಂದು ಚಿಕ್ಕ ದ್ವೀಪ ಕಾಣುತ್ತಿತ್ತು. ಅಲ್ಲಿ ಸನ್ಯಾಸಿನಿಯರಿದ್ದಾರೆ, ಯಾರು ಬೇಕಾದರೂ ಹೋಗಬಹುದು ಎಂದು ತಂಗಿ ಹೇಳಿದಳು.

"ಹಂಗಾದ್ರ ಅಂಬಿಗಗ ಹೇಳು. ಅಲ್ಲಿಗೆ ಹೋಗೂಣು."

"ಇವರು ವಾಪಸ್ ಬಂದ್ರ?"

"ಬರ್ಲಿ. ಅವರೂ ಕುಂದರ್ಲಿ."

ತಂಗಿ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಹೆದರಿಕೆಯೂ ಇತ್ತು, ಆಸೆಯೂ ಇತ್ತು. ಸಂತೆಯಲ್ಲಿ ಕಲಿತ ಅಲ್ಲಿಯ ಭಾಷೆಯಲ್ಲಿ ಏನೋ ಹೇಳಿದಳು. ಅಂಬಿಗ ಒಮ್ಮೆ ಮಠದ ದಾರಿ ನೋಡಿದ, ಒಮ್ಮೆ ನನ್ನ ಮುಖ ನೋಡಿದ. "ಇಶಿ" ಎಂದ. ಆಯಿತು ಎಂದರ್ಥ. ಇಂಜಿನ್ ಗುಡುಗಿತು.

ಆ ದ್ವೀಪದಲ್ಲಿ ಹಳದಿ ಬಟ್ಟೆ ಉಟ್ಟ ಒಬ್ಬ ಮುದುಕಿ ಕಟ್ಟೆಯವರೆಗೂ ಬಂದು ನನ್ನ ಕೈ ಹಿಡಿದು ಇಳಿಸಿಕೊಂಡಳು. ಗುಡಿಯ ಒಳಗಿನ ಚಿತ್ರಗಳನ್ನು ತೋರಿಸಿದಳು. ಹುರಿದ ಬಾರ್ಲಿ ಕಾಳನ್ನು ಬೊಗಸೆಗೆ ಸುರಿದಳು. ನನ್ನ ಕೊರಳಿನ ಬೆಳ್ಳಿಯ ಕರಡಿಗೆ ಮುಟ್ಟಿ ಇದೇನು ಎಂಬಂತೆ ಹುಬ್ಬೇರಿಸಿದಳು. ಒಳಗೆ ನನ್ನ ದೇವರಿದ್ದಾನೆ ಎಂದು ತಂಗಿ ತಿಳಿಸಿದಾಗ, ಅವಳು ತನ್ನ ಕೊರಳಿನ ಕಪ್ಪು ದಾರದ ಶಿಲುಬೆ ಎಳೆದು ತೋರಿಸಿ ಬೊಚ್ಚುಬಾಯಿಯಲ್ಲಿ ನಕ್ಕಳು. ನಾನೂ ನಕ್ಕೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ನಾವು ಮರಳಿದಾಗ ನನ್ನ ಗಂಡ ಆ ಕಲ್ಲುಕಟ್ಟೆಯ ತುದಿಯಲ್ಲಿ ಬಿಸಿಲಿಗೆ ಕೆಂಪಾಗಿ ನಿಂತಿದ್ದರು.

"ಎಲ್ಲಿ ಹೋಗಿದ್ರಿ? ಹೇಳೂದಿಲ್ಲ, ಕೇಳೂದಿಲ್ಲ! ನಾವೇನ್ ಇಲ್ಲೇ ಬಿದ್ದಿರಬೇಕೇನು?"

"ಬ್ಯಾಗ ನೋಡ್ಕೋ ಅಂದಿದ್ರೆಲ್ಲಾ, ನೋಡ್ಕೊಂಡೀನ್ರಿ. ತಗೋರಿ," ಎಂದು ಬ್ಯಾಗನ್ನು ಅವರ ಎದೆಗೆ ಒತ್ತಿದೆ.

ದಡ ಸೇರುವವರೆಗೆ ಅವರು ಕ್ಯಾಮೆರಾದಲ್ಲಿ ತೆಗೆದ ಫೋಟೋ ನೋಡುತ್ತ ಕುಳಿತರು.

ಊರಿಗೆ ಬಂದ ಮೇಲೆ ಖಾನಾಪುರ ತಾಲೂಕಿನ ಬೀಡಿ ಎಂಬ ಊರಿಗೆ, ನನ್ನ ಗಂಡನ ಮನೆಗೆ, ಹೋಗಿದ್ದೆವು. ಪಡಸಾಲೆಯಲ್ಲಿ ಬೀಗರು, ಅಣ್ಣತಮ್ಮಂದಿರು ತುಂಬಿದ್ದರು. ಇವರು ಫೋಟೋ ತೋರಿಸುತ್ತ ಕಥೆ ಶುರು ಮಾಡಿದರು. "ಇಕಿ ನಮ್ಮನ್ನ ನಡುನೀರಾಗ ಬಿಟ್ಟು ಓಡಿ ಹೋಗಿದ್ಲು ನೋಡ್ರಿ! ಇನ್ನ ಆಫ್ರಿಕಾದಾಗs ಸಂಸಾರ ಮಾಡಬೇಕು ಅಂತ ಅಂದ್ಕೊಂಡೆ." ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನನ್ನನ್ನ ದೋಣ್ಯಾಗ ಬಿಟ್ಟು ಹೋದದ್ದನ್ನೂ ಹೇಳ್ರಿ," ಎಂದೆ.

ಅತ್ತೆ ಸೆರಗು ಸರಿಮಾಡಿಕೊಂಡು, "ಹೋಗ್ಲಿ ಬಿಡವಾ. ಗಂಡಸರಿಗಿ ಚಾ ಇಡು, ಹೊತ್ತಾತು," ಎಂದರು.

ನಾನು ಚಹಾ ಇಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಖಾನಾಪುರದಲ್ಲಿ ಇಳಿದು ಬೆಳಗಾವಿಯ ಬಸ್ ಹತ್ತಿದೆ. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಪಕ್ಕದಲ್ಲಿ ಕುಳಿತ, ಗುಂಜಿ ಊರಿನ ಹೆಂಗಸು ಕೊನೆಗೆ ಮರಾಠಿಯಲ್ಲಿ, ಫೋನ್ ಎತ್ತಬಾರದೇ ತಾಯೀ, ಎಂದು ಕೇಳಿದಳು. ತಲೆ ಅಲ್ಲಾಡಿಸಿ ಕಿಟಕಿಯ ಕಡೆ ತಿರುಗಿದೆ.

ಸಂಜೆ ಅವರು ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ನಂದು ತಪ್ಪಾತು. ಮಂದಿ ಮುಂದ ನಗಬಾರದಿತ್ತು."

"ನಕ್ಕಿದ್ದಕ್ಕಲ್ರೀ ನನ್ನ ಸಿಟ್ಟು. ನನ್ನ ಬಿಟ್ಟು ಇಳಿದ್ರೆಲ್ಲಾ, ಅದಕ್ಕ."

"ಅಷ್ಟು ದೂರ ಹೋಗಿ ನೋಡದ ಬರಾಕ ಆಗ್ತಿತ್ತೇನ?"

"ನಾನೂ ಅಷ್ಟು ದೂರದಿಂದನs ಬಂದಿದ್ದೆ."

ಅವರು ನೀರು ಕುಡಿದು, ಹೊರಗೆ ಹೋಗಿ ಟಿವಿ ಹಚ್ಚಿದರು. ಆ ಮಾತಿಗೆ ಇವತ್ತಿನವರೆಗೂ ಅವರಿಂದ ಉತ್ತರ ಬಂದಿಲ್ಲ. ನಾನೂ ಕೇಳುವುದನ್ನು ಬಿಟ್ಟಿಲ್ಲ.