ಜೇಬಿನ ಮೇಲಿನ ಬಂಗಾರದ ಅಕ್ಷರ

ಟೆನಿಸ್ ಆಡಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಮಾತಿನ ಧಾಟಿ ಕೇಳಿದವರು ನಮ್ಮನ್ನು ಮಾಜಿ ಚಾಂಪಿಯನ್ನರು ಎಂದುಕೊಳ್ಳುವ ಅಪಾಯವಿತ್ತು. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಅದೇ ಟೂಲ್ ರೂಮಿನಲ್ಲಿದ್ದ ಅವರ ಗೆಳೆಯರೊಬ್ಬರು ಶಿವಾಜಿನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು, ಡಿಕ್ಕಿಯಲ್ಲಿ ಸಮೋಸದ ಪೊಟ್ಟಣ ಇಟ್ಟುಕೊಂಡು. ಮೂರನೆಯವನು ನಾನು, ವಿಮಾ ಕಚೇರಿಯ ಗುಮಾಸ್ತ, ಇಂದಿರಾನಗರದ ಸ್ಟಾಫ್ ಕ್ವಾರ್ಟರ್ಸಿನವನು. ಸಿ.ವಿ. ರಾಮನ್ ನಗರದಲ್ಲಿದ್ದ ಅಕ್ಕನ ಮನೆಯ ಹಾಲೇ ನಮ್ಮ ಸ್ಟೇಡಿಯಂ. ಇಂಗ್ಲೆಂಡಿನ ಹುಲ್ಲಿನ ಅಂಗಳದ ಆಟ ಜೂನ್ ತಿಂಗಳಲ್ಲಿ ಶುರುವಾದರೆ, ಆಫೀಸು ಬಿಟ್ಟು ನಾನು ಮನೆಗೆ ಹೋಗುತ್ತಿರಲಿಲ್ಲ, ನೇರ ಅಲ್ಲಿಗೇ.

ಒಂದು ವರ್ಷ ಆಗಿನ ದೊಡ್ಡ ಆಟಗಾರ, ಭಾವನ ಕಣ್ಮಣಿ, ಬಿಳಿಯ ಜಾಕೆಟ್ ತೊಟ್ಟು ಅಂಗಳಕ್ಕೆ ಬಂದ. ಜೇಬಿನ ಮೇಲೆ ಬಂಗಾರದ ಬಣ್ಣದಲ್ಲಿ ಅವನ ಹೆಸರಿನ ಎರಡು ಅಕ್ಷರಗಳನ್ನು ಒಂದಕ್ಕೊಂದು ಹೆಣೆದ ಗುರುತು. ದೇಶದ್ದಲ್ಲ, ಕ್ಲಬ್ಬಿನದಲ್ಲ, ಅವನದೇ ಸ್ವಂತ ಲೋಗೊ. ನನಗೆ ಮೊದಲೇ ಅವನ ನಾಜೂಕು ಆಗಿಬರುತ್ತಿರಲಿಲ್ಲ. ಬೆವರದೆ ಗೆಲ್ಲುವವರನ್ನು ಕಂಡರೆ ನನಗೇನೋ ಸಿಟ್ಟು. ನಾನು ಅವನ ಎದುರಾಳಿ, ಎಡಗೈಯಲ್ಲಿ ಆಡುವ ಹುಡುಗನ ಕಡೆಯವನು.

"ಇದೇನ್ ಭಾವ, ಮದುವೆ ಗಂಡಿನ ಥರ ಬಂದಿದ್ದಾನೆ?" ಎಂದೆ.

ಸಮೋಸ ತಂದವರು ನನ್ನ ಜೊತೆಗೂಡಿದರು. "ಹೌದಲ್ವಾ? ಹೆಸರು ಅನ್ನೋದು ಜನರ ಬಾಯಲ್ಲಿ ಬರ್ಬೇಕು ಗುರು. ಇವ್ನೇ ಎದೆ ಮೇಲೆ ಬರ್ಕೊಂಡು ಬಂದ್ರೆ ಏನ್ ಚೆಂದ?"

ಭಾವ ಕಾಲು ಮಡಚಿಕೊಂಡು ಸೋಫಾದ ಮೇಲೆ ಕೂತರು. ಹೀಗೆ ಕೂತರೆಂದರೆ ಜಗಳಕ್ಕೆ ತಯಾರು ಎಂದು ಅರ್ಥ. ಗೆಳೆಯರತ್ತ ತಿರುಗಿದರು. "ನೀನು ಸುತ್ತಿಗೆ ಮೇಲೆ ಏನ್ ಹೊಡ್ಕೊಂಡಿದ್ದೆ? ನಿಮ್ಮಪ್ಪನ ಹೆಸರಾ?"

ಟೂಲ್ ರೂಮಿನಲ್ಲಿ ಪ್ರತಿಯೊಬ್ಬನೂ ತನ್ನ ಸುತ್ತಿಗೆ, ಸ್ಪ್ಯಾನರ್, ಇಕ್ಕಳಗಳ ಮೇಲೆ ಪಂಚ್ ಇಟ್ಟು ಹೊಡೆದು ತನ್ನ ಇನಿಶಿಯಲ್ ಮೂಡಿಸಿಕೊಳ್ಳುತ್ತಿದ್ದ. ಭಾವ ಮನೆಗೆ ಬಂದ ಮೇಲೂ ಆ ಚಟ ಬಿಟ್ಟಿರಲಿಲ್ಲ. ಅಕ್ಕನ ಇಡ್ಲಿ ಪಾತ್ರೆಯ ಮುಚ್ಚಳದ ಮೇಲೂ ಅವರದೇ ಅಕ್ಷರ.

"ಸುತ್ತಿಗೆ ಕಳ್ತನ ಆಗತ್ತೆ ಅಂತ ಹಾಕೋದು ಭಾವ. ಅವನ ಜಾಕೆಟ್ ಯಾರ್ ಕದೀತಾರೆ? ಅದು ಅಂಗಡಿ ಬೋರ್ಡು ಅಷ್ಟೇ."

"ಬೋರ್ಡೇ ಆಗ್ಲಿ ಕಣಯ್ಯ. ಈ ಕೆಲಸಕ್ಕೆ ನಾನೇ ಜವಾಬ್ದಾರಿ ಅಂತ ಹೇಳೋ ಗುರುತು ಅದು. ಸೋತ ದಿನಾನೂ ಅದನ್ನೇ ಹಾಕ್ಕೊಂಡು ಹೋಗ್ಬೇಕಲ್ಲ, ಅದಕ್ಕೆ ಗುಂಡಿಗೆ ಬೇಡ್ವಾ?"

ಆ ವಾದ ಆ ಸಂಜೆ ಮುಗಿಯಲಿಲ್ಲ, ಆ ವರ್ಷವೂ ಮುಗಿಯಲಿಲ್ಲ. ಲೋಗೊ ಅವನ ಟೋಪಿಗೆ ಬಂತು, ಬ್ಯಾಗಿಗೆ ಬಂತು, ಬೂಟಿಗೂ ಬಂತು. ನನ್ನ ಎಡಗೈ ಹುಡುಗನಿಗೂ ಬಟ್ಟೆ ಕಂಪನಿಯವರು ಗೂಳಿಯ ಕೊಂಬಿನ ಗುರುತೊಂದನ್ನು ಮಾಡಿಕೊಟ್ಟಾಗ ಭಾವ ಫೋನ್ ಮಾಡಿ ನನ್ನನ್ನು ಅಣಕಿಸಿದರು. ನಾನೂ ಬಿಡದೆ ಅಕ್ಷರಕ್ಕಿಂತ ಕೊಂಬು ವಾಸಿ ಎಂದು ಏನೇನೋ ಹೇಳಿದೆ.

ಅದರ ಮುಂದಿನ ಬೇಸಿಗೆಯಲ್ಲಿ ಭಾವನಿಗೆ ಊಟ ಸೇರದಾಯಿತು. ಬೆನ್ನು ನೋವು ಎನ್ನುತ್ತಿದ್ದರು, ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಅಕ್ಕನನ್ನೂ ನನ್ನನ್ನೂ ಹೊರಗೆ ಕರೆದರು. ನಮ್ಮ ಜನರ ಪದ್ಧತಿಯೇ ಹಾಗೆ, ಕಾಯಿಲೆ ಯಾರಿಗಿದೆಯೋ ಅವರನ್ನು ಒಳಗೆ ಮಲಗಿಸಿ ಉಳಿದವರೆಲ್ಲ ಕಾರಿಡಾರಿನಲ್ಲಿ ನಿಂತು ಕೇಳಿಸಿಕೊಳ್ಳುವುದು. ಮೇದೋಜೀರಕದ ಕ್ಯಾನ್ಸರ್, ಆಪರೇಷನ್ನಿಗೆ ಹೊತ್ತು ಮೀರಿದೆ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದರು.

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ತೋಳು ಹಿಡಿದಳು. "ಅವರಿಗೆ ಗೊತ್ತಾಗ್ಬಾರ್ದು. ಹೊಟ್ಟೆ ಹುಣ್ಣು ಅಂತ ಹೇಳ್ತೀನಿ. ನೀನೂ ಅವರ ಫ್ರೆಂಡೂ ಬನ್ನಿ, ಟೆನಿಸ್ ಮಾತಾಡಿ. ಕಾಯಿಲೆ ಮಾತು ಒಂದೂ ಬರಕೂಡ್ದು."

ಹೀಗೆ ನಮಗೆ ಡ್ಯೂಟಿ ಬಿತ್ತು. ಜೂನ್ ಬಂತು, ಆಟವೂ ಬಂತು. ಆದರೆ ಆಟದ ಮಾತು ನಾವೆಣಿಸಿದಷ್ಟು ಸಲೀಸಾಗಿರಲಿಲ್ಲ. ಒಂದು ಸಂಜೆ ಸಮೋಸದವರು ಉತ್ಸಾಹದಲ್ಲಿ, "ಮುಂದಿನ ವರ್ಷ ನೋಡು ಗುರು, ಇನ್ಶಾ ಅಲ್ಲಾ..." ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ಸೋಲಿನ ಮಾತೂ ಅಷ್ಟೇ, ಗೆಲುವಿನ ಮಾತೂ ಅಷ್ಟೇ, ಸುತ್ತಿ ಬಳಸಿ ಮುಂದಿನ ವರ್ಷಕ್ಕೇ ಬಂದು ನಿಲ್ಲುತ್ತಿದ್ದವು. ಮುಂದಿನ ವರ್ಷವಿಲ್ಲದ ಮಾತು ಒಂದೇ ಉಳಿದಿತ್ತು, ಅದು ಲೋಗೊ. ನಾವಿಬ್ಬರೂ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆವು. ಅಕ್ಷರ ಓರೆಯಾಗಿದೆ, ಬಂಗಾರದ ಬಣ್ಣ ಜಂಬ, ಆಡುವವನಿಗೆ ಯಾಕೆ ವ್ಯಾಪಾರ, ಹೀಗೆ ದಿನಕ್ಕೊಂದು ತಕರಾರು. ಕೆಲವನ್ನು ನಾನು ಬಸ್ಸಿನಲ್ಲೇ ಯೋಚಿಸಿಕೊಂಡು ಬರುತ್ತಿದ್ದೆ. ಭಾವ ದಿಂಬಿಗೆ ಒರಗಿ ಉತ್ತರ ಕೊಡುತ್ತಿದ್ದರು, ಮೊದಮೊದಲು ಹುರುಪಿನಿಂದ, ಆಮೇಲೆ ನಮ್ಮ ಮನಸ್ಸು ನೋಯಬಾರದು ಎಂಬಂತೆ. ಅಡುಗೆಮನೆಯಲ್ಲಿ ಅಕ್ಕ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು.

ಒಂದು ಭಾನುವಾರ ಹೋದಾಗ ಭಾವ ಮಂಚದ ಮೇಲೆ ಹಳೆಯ ಪೇಪರ್ ಹರಡಿಕೊಂಡು, ತಮ್ಮ ಇಕ್ಕಳವೊಂದನ್ನು ಲೋಹ ಉಜ್ಜುವ ಅರದಿಂದ ತಿಕ್ಕುತ್ತಿದ್ದರು. ಕೈಯಲ್ಲಿ ಬಲವಿಲ್ಲ, ನಾಲ್ಕು ಸಲ ತಿಕ್ಕಿ ಸುಧಾರಿಸಿಕೊಳ್ಳುತ್ತಿದ್ದರು. ತುಕ್ಕು ತೆಗೆಯುತ್ತಿದ್ದಾರೆ ಎಂದುಕೊಂಡು, "ನಾನ್ ಮಾಡ್ಕೊಡ್ಲಾ ಭಾವ?" ಎಂದೆ.

"ಬೇಡ. ಇದನ್ನ ನಾನೇ ಮಾಡ್ಬೇಕು," ಎಂದರು.

ಆಗಷ್ಟೇ ಬಂದ ಸಮೋಸದ ಗೆಳೆಯರು ಬಾಗಿಲಲ್ಲೇ ನಿಂತು ಇದನ್ನು ನೋಡಿದರು. ಒಳಗೆ ಬಂದು ಕೂತರು, ಪೊಟ್ಟಣ ಬಿಚ್ಚಲಿಲ್ಲ. ಟಿವಿಯಲ್ಲಿ ಆ ಆಟಗಾರ ಅದೇ ಜಾಕೆಟ್ ಬಿಚ್ಚಿ ಕುರ್ಚಿಯ ಮೇಲೆ ಹಾಕುತ್ತಿದ್ದ. ಭಾವ ಅರ ಕೆಳಗಿಟ್ಟು ಕೇಳಿದರು: "ಇವನು ಆಟ ಬಿಟ್ಟು ಹೋದ್ಮೇಲೆ ಆ ಗುರುತು ಯಾರ್ದಾಗತ್ತೆ?"

ನಾನು ಎಂದಿನಂತೆ ಬಾಯಿ ಹಾಕಿದೆ. "ಬಟ್ಟೆ ಕಂಪನಿಯೋರ್ದು. ಇನ್ಯಾರ್ದು?"

ಗೆಳೆಯರು ರಿಮೋಟ್ ತೆಗೆದುಕೊಂಡು ಟಿವಿಯ ಸದ್ದು ಪೂರ್ತಿ ಅಡಗಿಸಿದರು. ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು, "ಹೇಳು ಗುರು. ಏನ್ ಹೇಳ್ಬೇಕೋ ಹೇಳ್ಬಿಡು," ಎಂದರು.

ಭಾವನ ತುಟಿ ಅಲುಗಿತು. ಅಷ್ಟರಲ್ಲಿ ಅಕ್ಕ ಗಂಜಿಯ ಲೋಟ ಹಿಡಿದು ಓಡಿದಂತೆ ಬಂದಳು. "ಯಾಕೆ ಸೌಂಡ್ ನಿಲ್ಸಿದ್ರಿ? ಏನ್ ಮಾತಾಡ್ತಿದ್ದೀರಿ?"

ಭಾವ ಅವಳ ಮುಖವನ್ನೇ ನೋಡಿದರು. ಅಷ್ಟು ಹೊತ್ತು ಅವರು ಅವಳನ್ನು ನೋಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ನಕ್ಕರು. "ಏನಿಲ್ಲ ಕಣೇ. ಲೋಗೊ ವಿಷಯ. ಇವನು ಒಪ್ತಾನೇ ಇಲ್ಲ."

"ನಿಮ್ ಲೋಗೊ ಹಾಳಾಗ್ಲಿ. ಮೊದ್ಲು ಗಂಜಿ ಕುಡೀರಿ," ಎಂದಳು ಅಕ್ಕ. ಅವಳ ದನಿ ಹಗುರವಾಗಿತ್ತು. ಗೆಳೆಯರು ಮತ್ತೆ ಸದ್ದು ಕೊಟ್ಟರು.

ಹೊರಗೆ ಸ್ಕೂಟರಿನ ಬಳಿ ಅವರು ನನಗೆ ವಿಷಯ ಬಿಡಿಸಿ ಹೇಳಿದರು. ಟೂಲ್ ರೂಮಿನಲ್ಲಿ ಒಬ್ಬ ಕೆಲಸ ಬಿಟ್ಟರೆ ಅವನ ಹತ್ಯಾರು ಮುಂದಿನವನಿಗೆ ಹೋಗುತ್ತದೆ. ಕೊಡುವ ಮುನ್ನ ಅವನೇ ಕೂತು ತನ್ನ ಅಕ್ಷರವನ್ನು ಅರದಿಂದ ತಿಕ್ಕಿ ಅಳಿಸಬೇಕು. ಬೇರೆಯವರು ಅಳಿಸಕೂಡದು, ಹಾಗೆ ಅಳಿಸುವುದು ಸತ್ತವರ ಹತ್ಯಾರಿನ ಮೇಲಿನದನ್ನು ಮಾತ್ರ. "ನಿಮ್ ಭಾವಂಗೆ ಎಲ್ಲಾ ಗೊತ್ತು. ಹೇಳೋಕೆ ನೋಡ್ತಾನೆ, ಭಾಬಿ ಮುಖ ನೋಡಿ ನುಂಗ್ಕೊಳ್ತಾನೆ," ಎಂದು ಕಣ್ಣೊರೆಸಿಕೊಂಡರು.

ಅಕ್ಕನಿಗೆ ಹೇಳೋಣವೇ ಎಂದು ಇಬ್ಬರೂ ಎಷ್ಟೋ ಸಲ ಮಾತಾಡಿಕೊಂಡೆವು. ಅವಳು ಗೇಟಿನಲ್ಲೇ ನಮ್ಮನ್ನು ಎದುರುಗೊಂಡು, "ಇವತ್ತು ಚೆನ್ನಾಗಿದ್ದಾರೆ, ನಗಿಸಿ," ಎನ್ನುವಾಗ ಹೇಳುವುದಾದರೂ ಹೇಗೆ? ಭಾವ ಅವಳಿಗಾಗಿ ಸುಮ್ಮನಿದ್ದರು, ಅವಳು ಭಾವನಿಗಾಗಿ. ನಡುವೆ ನಾವು ಎರಡು ಅಕ್ಷರದ ಗುರುತನ್ನು ಹಿಡಿದು ಎಳೆದಾಡುತ್ತಿದ್ದೆವು. ಗೌರಿಹಬ್ಬಕ್ಕೆ ಮೊದಲೇ ಭಾವ ಹೋದರು. ಆಗಲೂ ಕೊನೆಯ ಹೊತ್ತಿನಲ್ಲಿ ಅವರು ನನ್ನನ್ನು ಕೇಳಿದ್ದು ಅಮೆರಿಕದ ಪಂದ್ಯಾವಳಿ ಶುರುವಾಯಿತೇ ಎಂದು.

ಸಾಂತ್ವನ ಹೇಳಲು ಬಂದವರಿಗೆಲ್ಲ ಅಕ್ಕ ಒಂದೇ ಮಾತು ಹೇಳುತ್ತಿದ್ದಳು. "ಅವರಿಗೆ ಏನೂ ಗೊತ್ತೇ ಇರ್ಲಿಲ್ಲ. ಹುಣ್ಣು ವಾಸಿಯಾಗತ್ತೆ ಅಂತಾನೇ ಇದ್ರು." ಬಂದವರು ಪುಣ್ಯಾತ್ಮ ಎಂದು ತಲೆದೂಗುತ್ತಿದ್ದರು. ಗೆಳೆಯರು ಒಂದು ಮೂಲೆಯಲ್ಲಿ ನೆಲ ನೋಡುತ್ತಾ ಕೂತಿರುತ್ತಿದ್ದರು. ನಾನು ಬಂದವರಿಗೆ ಕಾಫಿ ಕೊಡುವ ನೆಪದಲ್ಲಿ ಎದ್ದುಹೋಗುತ್ತಿದ್ದೆ.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಅಕ್ಕನ ಮನೆಯಲ್ಲಿದ್ದಾಗ ಟಪ್ಪೆಂದು ಕರೆಂಟ್ ಹೋಯಿತು. ಬೀದಿಯಲ್ಲಿ ದೀಪವಿತ್ತು, ಹೋಗಿದ್ದು ನಮ್ಮ ಮನೆಯದು ಮಾತ್ರ. ಎಲೆಕ್ಟ್ರಿಷಿಯನ್ನನ್ನು ಕರೆತರೋಣ ಎಂದು ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅಕ್ಕ ಸ್ಟೂಲ್ ಹತ್ತಿ ಆಗಿತ್ತು. ಮೇನ್ ಆಫ್ ಮಾಡಿ, ಫ್ಯೂಸ್ ಎಳೆದು, ಮೇಣದ ಬತ್ತಿಯ ಬೆಳಕಿನಲ್ಲಿ ಸುಟ್ಟ ತಂತಿ ತೆಗೆದು ಹೊಸದನ್ನು ಸುತ್ತಿದಳು. ತಿರುಪನ್ನು ಬಿಗಿಮಾಡಿ, ಮೇನ್ ಹಾಕಿದಳು. ದೀಪ ಬಂತು.

"ಇದನ್ನೆಲ್ಲ ಯಾವಾಗ ಕಲಿತೆ?" ಎಂದೆ ಬೆರಗಾಗಿ.

ಅಕ್ಕ ಕೆಳಗಿಳಿದು ಅದೇ ಸ್ಟೂಲಿನ ಮೇಲೆ ಕೂತಳು. "ಅವರೇ ಕಲಿಸಿದ್ರು. ಕೊನೇ ತಿಂಗಳು. ಫ್ಯೂಸ್ ಹಾಕೋದು, ನಲ್ಲಿ ವಾಷರ್ ಬದಲಾಯ್ಸೋದು, ಸಿಲಿಂಡರ್ ಲೀಕ್ ನೋಡೋದು, ಎಲ್ಲಾ. ಮದುವೆ ಆದಾಗಿಂದ ನನ್ ಕೈಗೆ ಒಂದು ಸ್ಕ್ರೂಡ್ರೈವರ್ ಕೊಟ್ಟೋರಲ್ಲ. ದಿನಾ ಮಧ್ಯಾಹ್ನ ಮಂಚದ ಮೇಲಿಂದಾನೇ ಪಾಠ."

"ಹಾಗಾದ್ರೆ ನಿನಗೆ..."

"ಗೊತ್ತಿತ್ತು. ಅವರಿಗೆ ಗೊತ್ತು ಅನ್ನೋದು ನಂಗೆ ಗೊತ್ತಿತ್ತು. ಇದನ್ನೆಲ್ಲ ಯಾಕ್ರೀ ಕಲಿಸ್ತಿದ್ದೀರಾ ಅಂತ ನಾನು ಒಂದ್ ಮಾತು ಕೇಳ್ಲಿಲ್ಲ. ಕೇಳಿದ್ರೆ ಹೇಳ್ಬಿಡ್ತಿದ್ರು. ಹೇಳಿಬಿಟ್ರೆ ನಿಜ ಆಗ್ಬಿಡತ್ತೆ ಅಂತ ಭಯ. ಇಷ್ಟು ವರ್ಷ ಸಂಸಾರ ಮಾಡಿ, ಗಂಡ ಹೆಂಡ್ತಿ ಒಂದೇ ಒಂದ್ಸಲ ಜೊತೇಲಿ ಕೂತು ಅಳ್ಲಿಲ್ಲ ಕಣೋ ನಾವು."

ಅಲ್ಲಿಯವರೆಗೂ ಯಾರ ಮುಂದೆಯೂ ಅಳದಿದ್ದ ಅಕ್ಕ ಅಂದು ಆ ಸ್ಟೂಲಿನ ಮೇಲೆ ಕೂತು ಅತ್ತಳು. ನಾನು ನೆಲದ ಮೇಲೆ ಅವಳ ಪಕ್ಕ ಕೂತೆ. ಅವಳಿಗೆ ಬೇಕಾಗಿದ್ದ ಜೊತೆ ನನ್ನದಾಗಿರಲಿಲ್ಲ.