ಹದಿನೆಂಟು ಕುಣಿ

“ಹದಿನೆಂಟು ಕುಣಿ? ಆ ಊರಿಗೆ ಯಾವ ಬ್ಯಾನಿ ಬಂದೈತ್ರೀ?”

ಚಹಾ ತಂದಿದ್ದ ಅಡುಗೆಯ ಭೀಮಣ್ಣ ಕಾಕಾ ಕಪ್ಪು-ಬಸಿ ಕೆಳಗಿಟ್ಟು ಕೇಳಿದ.

ಅರವತ್ತರ ದಶಕದ ಮಾತು. ಬಬಲೇಶ್ವರದ ಸರ್ಕಾರಿ ಬಂಗಲೆಯಲ್ಲಿ ಕೂತು ನಮ್ಮ ಇಂಜಿನಿಯರ್ ಸಾಹೇಬರು ರಜೆಯಲ್ಲಿ ಎಲ್ಲಿ ಗಾಲ್ಫ್ ಆಡುವುದೆಂದು ಲೆಕ್ಕ ಹಾಕುತ್ತಿದ್ದರು. ಹತ್ತಿರದ ಮೈದಾನದಲ್ಲಿ ಒಂಬತ್ತು ಹೋಲ್, ದೂರದ ಊಟಿಯಲ್ಲಿ ಹದಿನೆಂಟು. ಅವರಿಗೆ ಕನ್ನಡ ಬಾರದು. “ನಮ್ಮ ಅಡುಗೆಯವನನ್ನೇ ಕೇಳಿ ನೋಡು” ಎಂದು ಇಂಗ್ಲಿಷಿನಲ್ಲಿ ತಮಾಷೆ ಮಾಡಿದರು. ಒಂಬತ್ತರ ಊರೋ ಹದಿನೆಂಟರ ಊರೋ ಎಂದು ಕಾಕಾನನ್ನು ಕೇಳುವಾಗ, ಗುಮಾಸ್ತನಾಗಿದ್ದ ನಾನು ಹೋಲ್ ಎಂಬುದಕ್ಕೆ ಕುಣಿ ಎಂದುಬಿಟ್ಟೆ.

ನಮ್ಮ ಕಡೆ ಕುಣಿ ಎಂದರೆ ಮೊದಲು ನೆನಪಾಗುವುದು ಹೆಣ ಹೂಳುವ ಗುಂಡಿ. ಕಾಲರಾ ಬಂದ ವರ್ಷ ಜೈನಾಪುರದಲ್ಲಿ ಓಣಿಯವರಿಗೆಲ್ಲ ಕುಣಿ ತೋಡಿದವನು ಈ ಕಾಕಾ. ಕೊನೆಯದು ಅವನ ಮಗಳಿಗೆ. ಅದು ಗೊತ್ತಿದ್ದೂ ಆಡಿದ ಮಾತಿಗೆ ನಾಲಗೆ ಕಚ್ಚಿಕೊಂಡೆ.

“ಸತ್ತವರಿಗಲ್ಲ ಕಾಕಾ, ಆಟದ್ದು. ಚೆಂಡು ಹೊಡದು ಕುಣ್ಯಾಗ ಕೆಡವತಾರ. ಆಮ್ಯಾಲ ಹೊರಗ ತಗೀತಾರ.”

ಕಾಕಾ ಸಾಹೇಬರ ಕಡೆ ತಿರುಗಿ ನೋಡಿದ.

“ಕುಣ್ಯಾಗ ಬಿದ್ದದ್ದು ತಿರುಗಿ ಕೈಗೆ ಬರತೈತೇನ್ರೀ? ಹಂಗಾರ ಹದಿನೆಂಟು ಇದ್ದಲ್ಲೇ ಹೋಗ್ರಿ ಅಂತ ಹೇಳ್ರಿ ಸಾಹೇಬ್ರಿಗೆ.”

‘ಊಟಿ’ ಎಂದಷ್ಟೇ ಹೇಳಿದೆ. ಸಾಹೇಬರು ನಗುತ್ತ ಯಾಕಂತೆ ಎಂದು ಕೇಳಿದರು. ಆ ದಿನ ಅದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ, ಈಗಲೂ ಬರುವುದಿಲ್ಲ.